ಪುಕ್ಕಟೆ ಆಂಟಿವೈರಸ್ ಸಾಕಾ?

ಮಗಳ ಕಾಲೇಜಿಗೆ ಅಂತ ತೆಗೆದ ಲ್ಯಾಪ್‌ಟಾಪಿಗೆ ವರ್ಷ ತುಂಬುತ್ತಿದ್ದಂತೆ ಪರದೆಯ ಮೂಲೆಯಲ್ಲಿ ಒಂದು ಚೀಟಿ ಏಳಲು ಶುರುವಾಗುತ್ತದೆ. ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ಹಣ ಕಟ್ಟಿ ಮುಂದುವರಿಸಿ.’ ಮುಚ್ಚಿದರೆ ಮತ್ತೆ ಬರುತ್ತದೆ. ಶಿರಸಿ ಪೇಟೆಗೆ ಹೋದಾಗ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ ‘ಹೌದು ಅಕ್ಕಾ, ಹಾಕಿಸ್ಕೊಂಡ್ರೆ ಒಳ್ಳೇದು’ ಅಂತಾರೆ. ಐನೂರೋ ಸಾವಿರವೋ ಆಗುತ್ತದೆ. ಬೆಂಗಳೂರಲ್ಲಿರುವ ಮಗನಿಗೆ ಫೋನ್ ಮಾಡಿದರೆ ‘ಎಂತದೂ ಬ್ಯಾಡ ಆಯಿ, ವಿಂಡೋಸಿನಲ್ಲೇ ಪುಕ್ಕಟೆ ಇದ್ದು’ ಅಂತಾನೆ.

ಯಾರ ಮಾತು ಕೇಳೋದು?

ಮಗ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಅವನಿಗೆ ನೆನಪಾಗದೇ ಇರುವುದಕ್ಕೆ ಕಾರಣ, ಅವನು ಬೆಂಗಳೂರಲ್ಲಿದ್ದಾನೆ. ಅವನ ಮನೆಯಲ್ಲಿ ಇಂಟರ್ನೆಟ್ ಇಪ್ಪತ್ನಾಲ್ಕು ತಾಸೂ ಹರಿಯುತ್ತದೆ. ನಮ್ಮ ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಜೂನ್ ತಿಂಗಳು ಬಂತು ಅಂದ್ರೆ ಮೊದಲು ಕರೆಂಟು, ಹಿಂದೆಯೇ ನೆಟ್ಟು. ಪುಕ್ಕಟೆ ಆಂಟಿವೈರಸ್ಸಿನ ಬಲ ನಿಂತಿರೋದೇ ಆ ನೆಟ್ಟಿನ ಮೇಲೆ. ಇದನ್ನು ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಕಂಪ್ಯೂಟರೂ ಉಳಿಯುತ್ತದೆ.

ಪುಕ್ಕಟೆ ಅಂದ್ರೆ ಯಾವುದು?

ಮನೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ, ಅಂದರೆ 2000ದ ದಶಕದಲ್ಲಿ, ವಿಂಡೋಸ್ ಜೊತೆಗೆ ಆಂಟಿವೈರಸ್ ಬರುತ್ತಿರಲಿಲ್ಲ. ಎವಿಜಿ, ಅವಾಸ್ಟ್, ಅವಿರಾ ಇವುಗಳಲ್ಲೊಂದನ್ನು ಯಾರಿಂದಲೋ ಸಿ.ಡಿ.ಯಲ್ಲಿ ತಂದು ಹಾಕಿಸಿಕೊಳ್ಳಬೇಕಿತ್ತು. ಇಲ್ಲವೇ ದುಡ್ಡು ಕೊಟ್ಟು ಪುಣೆಯ ಕಂಪನಿಯ ಕ್ವಿಕ್ ಹೀಲ್ ತರಬೇಕಿತ್ತು. ಪೆನ್ ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ವೈರಸ್ ತಾನಾಗಿ ಓಡಿ ಕಂಪ್ಯೂಟರಿಗೆ ಹತ್ತಿಕೊಳ್ಳುತ್ತಿದ್ದ ಕಾಲ ಅದು. ಹಾಗೆ ತಾನಾಗಿ ಓಡುವ ವ್ಯವಸ್ಥೆಯನ್ನು ಹಳೆಯ ವಿಂಡೋಸುಗಳಲ್ಲೂ ಮೈಕ್ರೋಸಾಫ್ಟ್ ಬಂದ್ ಮಾಡಿದ್ದು 2011ರ ಫೆಬ್ರವರಿಯಲ್ಲಿ.

2009ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಒಂದು ಆಂಟಿವೈರಸ್ಸನ್ನು ಪುಕ್ಕಟೆ ಹಂಚಲು ಶುರು ಮಾಡಿತು. 2012ರಲ್ಲಿ ವಿಂಡೋಸ್ 8 ಬಂದಾಗ ಅದು ವಿಂಡೋಸಿನ ಒಳಗೇ ಸೇರಿಹೋಯಿತು. ಅದೇ ಈಗಿನ ಡಿಫೆಂಡರ್. ಅದಕ್ಕೆ ಬೇರೆ ಸಿ.ಡಿ. ಬೇಡ, ರಿಜಿಸ್ಟರ್ ಮಾಡೋದು ಬೇಡ. ನಿಮ್ಮ ಮನೆಯಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ ಡಿಫೆಂಡರ್ ಆಗಲೇ ಮನೆಯೊಳಗಿದೆ.

ಹಾಗಾದರೆ ಅಂಗಡಿಯವರು ಯಾಕೆ ಮೂಗು ಮುರೀತಾರೆ? ಅವರದ್ದೂ ಪೂರ್ತಿ ತಪ್ಪಲ್ಲ. ಜರ್ಮನಿಯಲ್ಲಿ ಎವಿ-ಟೆಸ್ಟ್ ಅಂತ ಒಂದು ಸಂಸ್ಥೆ ಇದೆ. ಆಂಟಿವೈರಸ್‌ಗಳನ್ನು ಪರೀಕ್ಷೆಗೆ ಕೂರಿಸಿ ಅಂಕ ಕೊಡೋದೇ ಅದರ ಕೆಲಸ. 2012ರ ಕೊನೆಯ ಹೊತ್ತಿಗೆ ಮೈಕ್ರೋಸಾಫ್ಟಿನ ಈ ಪುಕ್ಕಟೆ ಆಂಟಿವೈರಸ್ ಅಲ್ಲಿ ಪಾಸೂ ಆಗಿರಲಿಲ್ಲ, ಪ್ರಮಾಣಪತ್ರ ತಪ್ಪಿಹೋಗಿತ್ತು. ‘ವಿಂಡೋಸಿನದ್ದು ನಂಬೋಕಾಗಲ್ಲ’ ಅನ್ನೋ ಮಾತು ಆ ಕಾಲದ್ದು. ಮಾತು ಉಳೀತು, ಪರಿಸ್ಥಿತಿ ಬದಲಾಯಿತು. ಕೆಲವು ವರ್ಷಗಳಿಂದ ಅದೇ ಸಂಸ್ಥೆಯ ಪರೀಕ್ಷೆಗಳಲ್ಲಿ ರಕ್ಷಣೆಯ ವಿಭಾಗದಲ್ಲಿ ಡಿಫೆಂಡರ್ ಹೆಚ್ಚಿನ ಸಲ ಆರಕ್ಕೆ ಆರು ಅಂಕ ತೆಗೆದುಕೊಂಡಿದೆ. ದುಡ್ಡು ಕೊಟ್ಟು ತರುವ ಹೆಸರಾಂತ ಆಂಟಿವೈರಸ್‌ಗಳ ಅಂಕವೂ ಅಷ್ಟೇ.

ಹಾಗಾಗಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯೋದು, ಮಕ್ಕಳ ಪ್ರಾಜೆಕ್ಟು, ಯಕ್ಷಗಾನದ ವಿಡಿಯೊ, ಬ್ಯಾಂಕಿನ ಕೆಲಸ ಇಷ್ಟೇ ಇರುವ ಮನೆಗೆ ಡಿಫೆಂಡರ್ ಸಾಕು. ನಾನಂತೂ ಕೇಳಿದವರಿಗೆಲ್ಲ ಇದನ್ನೇ ಹೇಳೋದು.

ದುಡ್ಡು ಕೊಟ್ಟರೆ ಹೆಚ್ಚಿಗೆ ಏನು ಸಿಗುತ್ತದೆ ಅಂತ ಕೇಳಬಹುದು. ಪಾಸ್‌ವರ್ಡ್ ಬರೆದಿಡುವ ಪೆಟ್ಟಿಗೆ, ಮಕ್ಕಳು ಯಾವ ಸೈಟು ನೋಡಬಾರದು ಅಂತ ತಡೆ ಹಾಕೋದು, ಇಂಥವು. ಅವೆಲ್ಲಕ್ಕಿಂತ ಮುಖ್ಯವಾಗಿ, ಏನಾದರೂ ಆದರೆ ಕೇಳೋದಕ್ಕೆ ಒಬ್ಬ ಮನುಷ್ಯ ಸಿಗ್ತಾನೆ. ಮನೆಯಲ್ಲಿ ಇಬ್ಬರೇ ವಯಸ್ಸಾದವರು, ಮಕ್ಕಳೆಲ್ಲ ದೂರ ಅಂತಿದ್ದರೆ, ಪೇಟೆಯ ಅಂಗಡಿಯವ ಮನೆಗೇ ಬಂದು ನೋಡಿ ಹೋಗ್ತಾನೆ ಅನ್ನೋದಾದರೆ ಆ ದುಡ್ಡು ದಂಡ ಅಂತ ನಾನು ಹೇಳಲಾರೆ. ಆದರೆ ಆ ದುಡ್ಡು ಹೋಗೋದು ಆ ಸೇವೆಗೆ ಅನ್ನೋದು ಗೊತ್ತಿರಲಿ.

ಎರಡು ಆಂಟಿವೈರಸ್ ಹಾಕಿದರೆ ಡಬಲ್ ರಕ್ಷಣೆ ಅಂದುಕೊಳ್ಳುವವರೂ ಇದ್ದಾರೆ. ಹಾಗಾಗೋದಿಲ್ಲ. ಬೇರೆ ಆಂಟಿವೈರಸ್ ಒಳಗೆ ಬಂದರೆ ಡಿಫೆಂಡರ್ ತಾನಾಗಿ ಬದಿಗೆ ಸರಿದು ನಿಲ್ಲುತ್ತದೆ. ಬಂದ ಆಂಟಿವೈರಸ್ಸಿನ ಅವಧಿ ಮುಗಿದು, ಅದನ್ನು ತೆಗೆಯದೇ ಹಾಗೇ ಬಿಟ್ಟರೆ ಕಾವಲಿಗೆ ಯಾರೂ ಇಲ್ಲದ ಸ್ಥಿತಿ ಬರಬಹುದು. ನಮ್ಮ ಕಡೆ ನೋಡಿದ ಎಷ್ಟೋ ಲ್ಯಾಪ್‌ಟಾಪುಗಳ ಕತೆ ಇದೇ. ಮೊದಲ ವರ್ಷದ ಟ್ರಯಲ್ ಮುಗಿದಿರುತ್ತದೆ, ಕೆಂಪು ಗುರುತು ಬಿದ್ದಿರುತ್ತದೆ, ಮನೆಯವರು ಅದನ್ನು ನೋಡಿ ನೋಡಿ ಕಣ್ಣಿಗೆ ರೂಢಿಯಾಗಿಬಿಟ್ಟಿರುತ್ತದೆ. ದುಡ್ಡು ಕಟ್ಟೋದಿಲ್ಲ ಅಂತ ನಿರ್ಧಾರ ಮಾಡಿದಿರೋ, ಸೆಟ್ಟಿಂಗ್ಸಿನ ‘ಆ್ಯಪ್ಸ್’ಗೆ ಹೋಗಿ ಆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ಒಮ್ಮೆ ಆರಿಸಿ ಹಚ್ಚಿ. ಆಮೇಲೆ ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ಅಂತ ಟೈಪ್ ಮಾಡಿ. ಹಸಿರು ಗುರುತು ಬಂದಿದ್ದರೆ ಡಿಫೆಂಡರ್ ಎದ್ದು ಕೂತಿದೆ ಅಂತ ಅರ್ಥ.

ಪುಕ್ಕಟೆಯ ಬೆಲೆ

ಡಿಫೆಂಡರ್ ಬಿಟ್ಟು ಬೇರೆ ಪುಕ್ಕಟೆಗಳೂ ಇವೆಯಲ್ಲ? ಇವೆ. ಅವಾಸ್ಟ್ 2016ರಲ್ಲಿ ಎವಿಜಿಯನ್ನು ಕೊಂಡಿತು. ಅವಿರಾವನ್ನು ನಾರ್ಟನ್ ಕಂಪನಿ ಕೊಂಡಿತು. 2022ರಲ್ಲಿ ನಾರ್ಟನ್ನೂ ಅವಾಸ್ಟೂ ಒಂದಾದವು. ಅಂದರೆ ನಾವು ಬೇರೆ ಬೇರೆ ಅಂದುಕೊಂಡಿದ್ದ ಈ ಹೆಸರುಗಳೆಲ್ಲ ಈಗ ಒಂದೇ ಮನೆಯ ಮಕ್ಕಳು. ವೈರಸ್ ಹಿಡಿಯೋದರಲ್ಲಿ ಇವು ಕಡಿಮೆ ಏನಲ್ಲ. ಆದರೆ ನಮ್ಮಿಂದ ಒಂದು ರೂಪಾಯಿ ತೆಗೆದುಕೊಳ್ಳದೇ ಒಂದು ಕಂಪನಿ ಹೊಟ್ಟೆ ಹೊರೆಯೋದು ಹೇಗೆ ಅಂತ ಒಮ್ಮೆ ಯೋಚಿಸಬೇಕು.

ಒಂದು ದಾರಿ ನಮಗೆಲ್ಲ ಗೊತ್ತಿರುವುದೇ. ದಿನಕ್ಕೆರಡು ಸಲ ‘ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ಅಪಾಯದಲ್ಲಿದೆ, ದುಡ್ಡಿನದ್ದು ಕೊಳ್ಳಿ’ ಅಂತ ಪೀಡಿಸೋದು. ಇನ್ನೊಂದು ದಾರಿ 2020ರ ಜನವರಿಯಲ್ಲಿ ಬಯಲಾಯಿತು. ಅವಾಸ್ಟ್ ಪುಕ್ಕಟೆ ಹಾಕಿಕೊಂಡವರು ಯಾವ ಯಾವ ಸೈಟು ನೋಡಿದರು ಅನ್ನುವ ವಿವರವನ್ನು ಜಂಪ್‌ಶಾಟ್ ಅನ್ನುವ ತನ್ನದೇ ಅಂಗಸಂಸ್ಥೆಯ ಮೂಲಕ ಅವಾಸ್ಟ್ ಮಾರುತ್ತಿತ್ತು ಅಂತ ಅಮೆರಿಕದ ಪತ್ರಿಕೆಗಳು ಬರೆದವು. ಅದೇ ತಿಂಗಳು ಅವಾಸ್ಟ್ ಜಂಪ್‌ಶಾಟನ್ನು ಮುಚ್ಚಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗ ಆ ಕಂಪನಿಗೆ 1 ಕೋಟಿ 65 ಲಕ್ಷ ಡಾಲರ್ ದಂಡ ಹಾಕಿ, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರಬಾರದು ಅಂತ ಕಟ್ಟಳೆ ಮಾಡಿತು. ಮನೆ ಕಾಯಲಿ ಅಂತ ಇಟ್ಟುಕೊಂಡವನೇ ಮನೆಗೆ ಯಾರು ಬಂದರು, ಯಾರು ಹೋದರು ಅಂತ ಪೇಟೆಯಲ್ಲಿ ಹೇಳಿ ದುಡ್ಡು ಮಾಡಿದ ಹಾಗಾಯಿತು. ಹೆಣ್ಣುಮಕ್ಕಳು ಡಾಕ್ಟರ ಹತ್ತಿರ ಕೇಳಲು ನಾಚಿಕೊಂಡಿದ್ದನ್ನೂ ಇಂಟರ್ನೆಟ್ಟಿನಲ್ಲಿ ಹುಡುಕಿರ್ತೇವೆ. ಹಾಗಾಗಿ ನನಗೆ ಇದು ಸಣ್ಣ ವಿಷಯ ಅನ್ನಿಸೋದಿಲ್ಲ.

ಒಳಗೇ ಡಿಫೆಂಡರ್ ಇರುವಾಗ ಹೊರಗಿನ ಪುಕ್ಕಟೆಯನ್ನು ತಂದು ಕೂರಿಸಿಕೊಳ್ಳಬೇಕಾದ ಕಾರಣ ಕಾಣೋದಿಲ್ಲ.

ನೆಟ್ಟಿಲ್ಲದ ಊರಿನಲ್ಲಿ

ಇನ್ನು ಮಗ ಮರೆತ ಕಾಲು ಪಾಲಿಗೆ ಬರೋಣ.

ಆಂಟಿವೈರಸ್ ಎರಡು ಥರ ಕೆಲಸ ಮಾಡುತ್ತದೆ. ಒಂದು, ಗೊತ್ತಿರುವ ಕಳ್ಳರ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಬಂದ ಫೈಲನ್ನು ಅದಕ್ಕೆ ಹೋಲಿಸಿ ನೋಡೋದು. ಈ ಪಟ್ಟಿ ದಿನಕ್ಕೆ ಹಲವು ಸಲ ಹೊಸದಾಗುತ್ತದೆ. ಎರಡು, ಪಟ್ಟಿಯಲ್ಲಿ ಇಲ್ಲದ ಅನುಮಾನದ ಫೈಲು ಬಂದರೆ ಕೂಡಲೇ ಇಂಟರ್ನೆಟ್ ಮೂಲಕ ಕಂಪನಿಯ ದೊಡ್ಡ ಕಂಪ್ಯೂಟರುಗಳಿಗೆ ‘ಇವನು ಯಾರು ನೋಡಿ’ ಅಂತ ಕೇಳೋದು. ಡಿಫೆಂಡರ್ ಈ ಎರಡನೆಯದನ್ನು ತುಂಬಾ ನಂಬಿಕೊಂಡಿದೆ. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಅನ್ನುವ ಸಂಸ್ಥೆ ನೆಟ್ ಇದ್ದಾಗ ಎಷ್ಟು ಹಿಡಿಯಿತು, ಇಲ್ಲದಾಗ ಎಷ್ಟು ಹಿಡಿಯಿತು ಅಂತ ಬೇರೆ ಬೇರೆ ಲೆಕ್ಕ ಕೊಡುತ್ತದೆ. ಅಲ್ಲಿ ನೆಟ್ ಇಲ್ಲದಾಗ ಡಿಫೆಂಡರಿನ ಹಿಡಿತ ಎದ್ದು ಕಾಣುವಷ್ಟು ಇಳಿದುಹೋಗುತ್ತದೆ. ಬರೀ ಆರಕ್ಕೆ ಆರು ಅಂಕ ನೋಡಿದವರಿಗೆ ಇದು ತಿಳಿಯೋದಿಲ್ಲ.

2020ರಲ್ಲಿ ಕೊರೊನಾ ಬಂದಾಗ ನಮ್ಮ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ಕೂತಿದ್ದು ನೆನಪಿದೆಯಲ್ಲ? ಆಮೇಲೆ ಎಷ್ಟೋ ಕಡೆ ಫೈಬರ್ ಬಂತು. ಬಂದರೂ ಒಂದು ಮರ ಬಿದ್ದರೆ ವಾರಗಟ್ಟಲೆ ಇಲ್ಲ. ಕಂಪ್ಯೂಟರಾದರೂ ದಿನಾ ಹಚ್ಚುತ್ತೇವಾ? ಕೊನೆಕೊಯ್ಲು ಶುರುವಾದರೆ ತಿಂಗಳುಗಟ್ಟಲೆ ಅದರ ಮೇಲೆ ಧೂಳು. ಮೊಮ್ಮಕ್ಕಳು ರಜೆಗೆ ಬಂದಾಗ ಹಚ್ಚಿ, ಮೊದಲು ಮಾಡುವ ಕೆಲಸವೇ ಮದುವೆ ಫೋಟೊದ ಪೆನ್ ಡ್ರೈವ್ ಚುಚ್ಚೋದು. ಪಟ್ಟಿ ಮೂರು ತಿಂಗಳು ಹಳೆಯದು, ಕೇಳೋಣ ಅಂದರೆ ನೆಟ್ಟಿಲ್ಲ. ಪುಕ್ಕಟೆಯದ್ದಿರಲಿ ದುಡ್ಡಿನದ್ದಿರಲಿ, ಆಂಟಿವೈರಸ್ ಸೋಲುವುದು ಇಂಥಲ್ಲಿ.

ಅಡಿಕೆಗೆ ಬೋರ್ಡೋ ಹೊಡೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷ ಹೊಡೆದ ಮದ್ದು ಈ ವರ್ಷದ ಕೊಳೆಗೆ ಆಗೋದಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಮತ್ತೊಂದು ಸಲ ಹೊಡೆಯಲೇಬೇಕು. ಕಲಸಿದ್ದನ್ನು ನಾಳೆಗೆ ಇಟ್ಟುಕೊಳ್ಳುವ ಹಾಗೂ ಇಲ್ಲ.

ಹಾಗಾಗಿ ಬಹಳ ದಿನ ಮುಚ್ಚಿಟ್ಟ ಕಂಪ್ಯೂಟರ್ ಹಚ್ಚಿದಾಗ ಮೊದಲು ನೆಟ್ ಜೋಡಿಸಿ. ಪೆನ್ ಡ್ರೈವ್, ಇಮೇಲ್, ಬ್ಯಾಂಕು ಯಾವುದೂ ಬೇಡ. ‘ವಿಂಡೋಸ್ ಸೆಕ್ಯುರಿಟಿ’ಯೊಳಗೆ ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’, ಅದರೊಳಗೆ ‘ಪ್ರೊಟೆಕ್ಷನ್ ಅಪ್‌ಡೇಟ್ಸ್’. ಅಲ್ಲಿ ಕೊನೆಯ ಸಲ ಯಾವಾಗ ಅಪ್‌ಡೇಟ್ ಆಯಿತು ಅಂತ ತಾರೀಕು ಇರ್ತದೆ. ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ, ತಾರೀಕು ಇವತ್ತಿಂದು ಆಗುವವರೆಗೆ ಕಾಯಿರಿ. ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯಬಹುದು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಡೇಟಾ ಉಳಿಸೋಕೆ ಅಂತ ಮಕ್ಕಳು ‘ಮೀಟರ್ಡ್ ಕನೆಕ್ಷನ್’ ಹಾಕಿಟ್ಟಿದ್ದರೆ ಅಪ್‌ಡೇಟ್ ತಾನಾಗಿ ಬರೋದು ನಿಂತುಹೋಗಬಹುದು. ಅದನ್ನೂ ಒಮ್ಮೆ ನೋಡಿಕೊಳ್ಳಿ. ದಿನದಿನದ ಅಪ್‌ಡೇಟ್ ಸಣ್ಣದು, ತಿಂಗಳುಗಟ್ಟಲೆ ಕೂಡಿಟ್ಟರೆ ದೊಡ್ಡ ಹೊರೆ. ಹಾಗಾಗಿ ಕೆಲಸ ಇಲ್ಲದಿದ್ದರೂ ವಾರಕ್ಕೊಮ್ಮೆ ಅರ್ಧ ತಾಸು ಹಚ್ಚಿಡೋದು ಒಳ್ಳೇದು.

ಮನೆಗೆ ನೆಟ್ಟೇ ಬರೋದಿಲ್ಲ ಅನ್ನುವವರಿಗೂ ದಾರಿ ಇದೆ. ಡಿಫೆಂಡರಿನ ಆ ದಿನದ ಅಪ್‌ಡೇಟನ್ನು ಒಂದು ಫೈಲಾಗಿ ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲಿ ಇಟ್ಟಿರುತ್ತದೆ. ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಅದನ್ನು ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ತಂದು ಓಡಿಸಿದರೆ ಆಯಿತು. ಅವರ ಕಂಪ್ಯೂಟರ್ ಶುದ್ಧ ಇದ್ದಿದ್ದು ಹೌದೋ ಅಂತ ನೋಡಿಕೊಳ್ಳಿ ಮತ್ತೆ!

ಪ್ರಿಂಟಿಗೆ ಹೋದ ಪೆನ್ ಡ್ರೈವ್

ಪೆನ್ ಡ್ರೈವ್ ಅಂದಾಗ ನೆನಪಾಯಿತು. ಪಹಣಿ, ಆಧಾರ್, ಸಂಘದ ವರದಿ, ಮಕ್ಕಳ ಪ್ರಾಜೆಕ್ಟು ಏನೇ ಪ್ರಿಂಟ್ ಬೇಕಿದ್ದರೂ ನಾವು ಹೋಗೋದು ಪೇಟೆಯ ಝೆರಾಕ್ಸ್ ಅಂಗಡಿಗೆ. ದಿನಕ್ಕೆ ನೂರಾರು ಜನರ ಪೆನ್ ಡ್ರೈವ್ ಒಂದೇ ಕಂಪ್ಯೂಟರಿಗೆ ಚುಚ್ಚಿದರೆ ಒಬ್ಬರ ಕಾಯಿಲೆ ಊರಿಗೆಲ್ಲ ಹಬ್ಬಲು ಎಷ್ಟು ಹೊತ್ತು? ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಮೂಲೆಯಲ್ಲಿ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು. ಇದೇ ಶಾರ್ಟ್‌ಕಟ್ ವೈರಸ್. ಫೈಲು ಹೋಗಿರೋದಿಲ್ಲ, ಅಡಗಿಸಿಟ್ಟಿರುತ್ತದೆ ಅಷ್ಟೆ. ಗಾಬರಿಯಲ್ಲಿ ಆ ಬಾಣದ ಮೇಲೆ ಡಬಲ್ ಕ್ಲಿಕ್ ಮಾಡಿದಿರೋ, ನಿಮ್ಮ ಕೈಯಾರೆ ವೈರಸ್ಸನ್ನು ಓಡಿಸಿದ ಹಾಗೆ. ಅದರ ಬದಲು ಪೆನ್ ಡ್ರೈವಿನ ಮೇಲೆ ಮೌಸಿನ ಬಲಗಡೆ ಒತ್ತಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಆರಿಸಿ. ಆಮೇಲೆ ಫೋಲ್ಡರಿನ ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ಗೆ ಗುರುತು ಹಾಕಿದರೆ ಸಾಮಾನ್ಯವಾಗಿ ಫೈಲುಗಳು ಕಾಣಿಸಿಕೊಳ್ಳುತ್ತವೆ.

ಸರ್ಕಾರದ್ದೂ ಒಂದು ಪುಕ್ಕಟೆ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2017ರ ಫೆಬ್ರವರಿಯಲ್ಲಿ ‘ಸೈಬರ್ ಸ್ವಚ್ಛತಾ ಕೇಂದ್ರ’ ಅಂತ ಶುರು ಮಾಡಿತು. ಕ್ವಿಕ್ ಹೀಲ್, ಕೆ7, ಇ-ಸ್ಕ್ಯಾನ್ ಈ ನಮ್ಮ ದೇಶದ ಕಂಪನಿಗಳ ಜೊತೆ ಸೇರಿ, ಹತ್ತಿಕೊಂಡ ಸೋಂಕನ್ನು ತೆಗೆಯುವ ಸಾಧನವನ್ನು ಅದು ಪುಕ್ಕಟೆ ಕೊಡುತ್ತದೆ. ಅದು ದಿನವೂ ಕಾಯುವ ಕಾವಲುಗಾರನಲ್ಲ, ಬಂದು ನೋಡಿ ಹೋಗುವ ಡಾಕ್ಟರ್ ಇದ್ದ ಹಾಗೆ. ಡಿಫೆಂಡರ್ ಜೊತೆಗೆ ಎರಡನೇ ಅಭಿಪ್ರಾಯ ಬೇಕು ಅನ್ನಿಸಿದಾಗ ಇದನ್ನು ಓಡಿಸಬಹುದು.

ಪ್ರಿಂಟಿಗೆ ಪೆನ್ ಡ್ರೈವ್ ಬದಲು ಇಮೇಲ್ ಮಾಡೋದು ಲೇಸು. ವಾಟ್ಸ್ಆ್ಯಪಿನಲ್ಲಿ ಕಳಿಸಿದರೂ ವೈರಸ್ ಮಟ್ಟಿಗೆ ಸರಿ, ಆದರೆ ನಿಮ್ಮ ಆಧಾರ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಮೊದಲ ಎಂಟು ಅಂಕಿ ಮುಚ್ಚಿರುವ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಂಡು ಅದನ್ನೇ ಕೊಡಿ.

ಹಳೆಯ ವಿಂಡೋಸಿನ ಮನೆಯವರಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು. ಅಂದರೆ ಅದರಲ್ಲಿ ಹೊಸ ತೂತು ಕಂಡರೆ ಮೈಕ್ರೋಸಾಫ್ಟ್ ಮಾಮೂಲಿಯಾಗಿ ತೇಪೆ ಹಾಕೋದಿಲ್ಲ. ಏಳೆಂಟು ವರ್ಷದ ಹಿಂದೆ ಜೋಡಿಸಿ ಕೊಟ್ಟ ಎಷ್ಟೋ ಕಂಪ್ಯೂಟರುಗಳಿಗೆ ವಿಂಡೋಸ್ 11 ಹತ್ತೋದೂ ಇಲ್ಲ. ಡಿಫೆಂಡರಿನ ಪಟ್ಟಿಯನ್ನು ಮಾತ್ರ 2028ರ ಅಕ್ಟೋಬರ್‌ವರೆಗೆ ಕಳಿಸುತ್ತೇವೆ ಅಂತ ಕಂಪನಿ ಹೇಳಿದೆ. ಹಾಗಾದರೆ ಚಿಂತೆ ಇಲ್ಲವಲ್ಲ ಅನ್ನಬೇಡಿ.

2017ರ ಮೇ 12ರಂದು ವನ್ನಾಕ್ರೈ ಅನ್ನುವ ಪಿಡುಗು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಫೈಲುಗಳಿಗೆಲ್ಲ ಬೀಗ ಹಾಕಿ, ಕೀಲಿಕೈ ಬೇಕಾದರೆ ದುಡ್ಡು ಕೊಡಿ ಅಂದಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್ 14ರಂದೇ ತೇಪೆ ಕಳಿಸಿತ್ತು. ಎರಡು ತಿಂಗಳು ಅಪ್‌ಡೇಟ್ ಮಾಡದೇ ಕೂತವರು, ತೇಪೆಯೇ ಸಿಗದ ಹಳೆಯ ವಿಂಡೋಸ್ ಇಟ್ಟುಕೊಂಡವರು ಸಿಕ್ಕಿಬಿದ್ದರು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಗೋಡೆಯೇ ಬಿದ್ದ ಮನೆಗೆ ಬಾಗಿಲಲ್ಲಿ ಕಾವಲು ನಿಲ್ಲಿಸಿದರೆ ಎಷ್ಟು ಪ್ರಯೋಜನ?

ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ಒಂದು ಯೋಜನೆಯನ್ನು ಮೈಕ್ರೋಸಾಫ್ಟ್ ಮಾಡಿತು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಇಟ್ಟವರಿಗೆ ಅದು ಪುಕ್ಕಟೆ. ಅಷ್ಟರೊಳಗೆ ಬೇರೆ ವ್ಯವಸ್ಥೆ ಯೋಚಿಸಿಕೊಳ್ಳಬೇಕು. ಬ್ಯಾಂಕಿನ ಕೆಲಸವನ್ನಂತೂ ತೇಪೆ ನಿಂತ ಕಂಪ್ಯೂಟರಿನಲ್ಲಿ ಮಾಡಬೇಡಿ. ಬರೀ ಟೈಪಿಂಗಿಗೆ, ಹಾಡು ಕೇಳೋಕೆ ಅಂತಿದ್ದರೆ ನೆಟ್ ತೆಗೆದು ಇಟ್ಟುಕೊಳ್ಳಿ. ಮನೆಯಲ್ಲಿ ಉತ್ಸಾಹದ ಹುಡುಗರಿದ್ದರೆ ಲಿನಕ್ಸ್ ಹಾಕಿ ಕೊಡಲಿ. ಅದೂ ಪುಕ್ಕಟೆ, ಕನ್ನಡವೂ ಬರ್ತದೆ.

ಯಾವ ಆಂಟಿವೈರಸ್ಸೂ ತಡೆಯದ್ದು

ಮೊನ್ನೆ ನಮ್ಮ ಸಂಬಂಧಿಕರೊಬ್ಬರ ಫೋನು. ‘ಕಂಪ್ಯೂಟರಿನಲ್ಲಿ ಎಂತದೋ ಕೆಂಪು ಕೆಂಪು ಬತ್ತಾ ಇದ್ದು ಮಾರಾಯ್ತಿ, ಐದು ವೈರಸ್ ಇದ್ದಡ, ಈಗಲೇ ದುಡ್ಡು ಕಟ್ಟವಡ.’ ಹೋಗಿ ನೋಡಿದರೆ ವೈರಸ್ಸೂ ಇಲ್ಲ, ಏನೂ ಇಲ್ಲ. ಯಾವುದೋ ಸಿನಿಮಾ ಸೈಟಿಗೆ ಹೋದಾಗ ‘ಅಲೋ’ ಅಂತ ಕೇಳಿದ್ದಕ್ಕೆ ಒತ್ತಿಬಿಟ್ಟಿದ್ದರು. ಆ ಸೈಟು ದಿನಾ ಮೂಲೆಯಲ್ಲಿ ಹೆಸರಾಂತ ಆಂಟಿವೈರಸ್ಸಿನ ವೇಷ ಹಾಕಿಕೊಂಡು ಬಂದು ಹೆದರಿಸುತ್ತಿತ್ತು. ಕ್ರೋಮ್ ಇದ್ದರೆ ಸೆಟ್ಟಿಂಗ್ಸ್, ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’ಗೆ ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರನ್ನೆಲ್ಲ ತೆಗೆದುಹಾಕಿ. ಎರಡು ನಿಮಿಷದ ಕೆಲಸ.

ಇದರದ್ದೇ ಅಣ್ಣ ಇನ್ನೊಬ್ಬನಿದ್ದಾನೆ. ಪರದೆ ತುಂಬಾ ನೀಲಿ, ಕಿವಿ ಕಿತ್ತುಹೋಗುವ ಸೈರನ್ನು, ‘ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟಿನ ಈ ನಂಬರಿಗೆ ಫೋನ್ ಮಾಡಿ’ ಅಂತ ಬರಹ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಯಾವತ್ತೂ ಫೋನ್ ನಂಬರ್ ಹಾಕೋದಿಲ್ಲ. ಇಂಥ ಕಾಲ್ ಸೆಂಟರುಗಳ ಮೇಲೆ 2023ರ ಅಕ್ಟೋಬರಿನಲ್ಲಿ ಸಿಬಿಐ ದೇಶದ ಹಲವು ಕಡೆ ದಾಳಿ ಮಾಡಿತ್ತು, ಮೈಕ್ರೋಸಾಫ್ಟೇ ದೂರು ಕೊಟ್ಟಿದ್ದು. ಫೋನ್ ಮಾಡಿದಿರಿ ಅಂದುಕೊಳ್ಳಿ. ಆ ಕಡೆಯವ ಬಹಳ ಮರ್ಯಾದೆಯಿಂದ ಮಾತಾಡ್ತಾನೆ. ಎನಿಡೆಸ್ಕ್ ಅಂತ ಒಂದು ಹಾಕಿಕೊಳ್ಳಿ ಮೇಡಂ, ನಾನೇ ಸರಿ ಮಾಡ್ತೇನೆ ಅಂತಾನೆ. ಎನಿಡೆಸ್ಕ್ ವೈರಸ್ ಅಲ್ಲ, ಕಂಪನಿಗಳು ದಿನಾ ಬಳಸುವ ಒಳ್ಳೆಯ ತಂತ್ರಾಂಶ. ಹಾಗಾಗಿ ಆಂಟಿವೈರಸ್ ತುಟಿ ಬಿಚ್ಚೋದಿಲ್ಲ. ಹಾಕಿದ್ದೂ ನೀವೇ, ಒಳಗೆ ಬಿಟ್ಟಿದ್ದೂ ನೀವೇ. ಸೊಸೈಟಿಯಿಂದ ಅಡಿಕೆ ದುಡ್ಡು ಖಾತೆಗೆ ಬಿದ್ದ ವಾರವೇ ಇದಾದರೆ? ವರ್ಷದ ಬೆಳೆ ಅರ್ಧ ತಾಸಿನಲ್ಲಿ ಹೋಗುತ್ತದೆ. ಸಾವಿರ ರೂಪಾಯಿಯ ಆಂಟಿವೈರಸ್ ಇದ್ದರೂ ಅಷ್ಟೇ, ಪುಕ್ಕಟೆಯದ್ದಿದ್ದರೂ ಅಷ್ಟೇ. ಮೊಬೈಲಿಗೆ ಮದುವೆ ಕರೆಯೋಲೆ ಅಂತ ಬರುವ ‘ಎಪಿಕೆ’ ಫೈಲು ಕೂಡ ಇದೇ ಜಾತಿಯದ್ದು.

ಅಂಥ ಪರದೆ ಬಂದರೆ ಫೋನ್ ಮುಟ್ಟಬೇಡಿ, ಪವರ್ ಬಟನ್ ಒತ್ತಿಹಿಡಿದು ಕಂಪ್ಯೂಟರ್ ಆರಿಸಿಬಿಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ಯಜಮಾನರು ಬರಲಿ ಅಂತ ಸಂಜೆವರೆಗೆ ಕಾಯುತ್ತಾ ಕೂರಬೇಡಿ. ಬೈತಾರೆ ಅನ್ನೋ ಹೆದರಿಕೆಗೆ ಮುಚ್ಚಿಟ್ಟುಕೊಳ್ಳುವ ಹೆಂಗಸರೇ ಹೆಚ್ಚು. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ದುಡ್ಡು ಕಳ್ಳನ ಖಾತೆಯಿಂದ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ದೂರು ಸೇರಿದರೆ ತಡೆಹಿಡಿಯುವ ಸಾಧ್ಯತೆ ಇರ್ತದೆ.

ಕಳೆದರೆ ಮತ್ತೆ ಸಿಗದ್ದು

ದುಡ್ಡಾದರೂ ಮುಂದಿನ ಕೊಯ್ಲಿಗೆ ಬರ್ತದೆ. ಅತ್ತೆಯವರ ಬಾಯಲ್ಲಿ ಹೇಳಿಸಿ ರೆಕಾರ್ಡ್ ಮಾಡಿಟ್ಟ ಹಸೆಹಾಡು, ಮಗನ ಮುಂಜಿಯ ಫೋಟೊ, ಉಪ್ಪಿನಕಾಯಿ ತರಿಸುವ ಗಿರಾಕಿಗಳ ವಿಳಾಸ, ಸ್ವಸಹಾಯ ಸಂಘದ ಹತ್ತು ವರ್ಷದ ಲೆಕ್ಕ? ಫೈಲಿಗೆ ಬೀಗ ಹಾಕುವ ವೈರಸ್ ಬಂದರೆ ಹೋಗೋದು ಇವೇ. ಮನೆ ಕಂಪ್ಯೂಟರುಗಳನ್ನು ಬಹಳ ಕಾಡಿದ ಸ್ಟಾಪ್ ಅಥವಾ ಡಿಜೆವು ಅನ್ನುವ ಬೀಗದ ವೈರಸ್ ಮುಖ್ಯವಾಗಿ ಹರಡಿದ್ದು ಪುಕ್ಕಟೆ ಸಿಗುವ ಕಳ್ಳ ತಂತ್ರಾಂಶಗಳ ಜೊತೆಗೆ. ವಿಂಡೋಸನ್ನೋ ಆಫೀಸನ್ನೋ ದುಡ್ಡು ಕೊಡದೇ ‘ಆಕ್ಟಿವೇಟ್’ ಮಾಡುವ ಆ ಸಾಧನ ಮೊದಲು ಹೇಳೋದೇ ‘ಆಂಟಿವೈರಸ್ ಆಫ್ ಮಾಡಿ’ ಅಂತ. ಅಲ್ಲಿಗೆ ಮುಗಿಯಿತಲ್ಲ! ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೊಟ್ಟಾಗ ಹೊಸ ವಿಂಡೋಸ್ ಹಾಕಿದ್ದು ಅಸಲಿಯಾ ಅಂತ ಕೇಳಿ. ವಾಪಸ್ ತರುವಾಗ ಹಸಿರು ಗುರುತು ಇದೆಯಾ ಅಂತ ಅಲ್ಲೇ ತೆಗೆಸಿ ನೋಡಿ.

ಡಿಫೆಂಡರಿನಲ್ಲಿ ಬೀಗದ ವೈರಸ್ಸಿಗೆ ಅಂತಲೇ ಒಂದು ತಡೆ ಇದೆ. ‘ರಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’. ಪುಕ್ಕಟೆಯೇ, ಆದರೆ ತಾನಾಗಿ ಆನ್ ಆಗಿರೋದಿಲ್ಲ, ನಾವೇ ಮಾಡಬೇಕು. ಆನ್ ಮಾಡಿದರೆ ಗುರುತಿಲ್ಲದ ಯಾವ ತಂತ್ರಾಂಶವೂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಕೈಯಾಡಿಸಲು ಬಿಡೋದಿಲ್ಲ. ಕೆಲವೊಮ್ಮೆ ನಿಮ್ಮ ಕನ್ನಡ ಟೈಪಿಂಗ್ ತಂತ್ರಾಂಶವನ್ನೂ ಗುರುತಿಲ್ಲ ಅಂತ ತಡೆದು ಫೈಲ್ ಸೇವ್ ಮಾಡಲು ಬಿಡದಿರಬಹುದು. ಅಲ್ಲೇ ‘ಅಲೋ ಆ್ಯನ್ ಆ್ಯಪ್’ ಅಂತಿದೆ, ಅದರಲ್ಲಿ ಸೇರಿಸಿಕೊಳ್ಳಿ.

ಅಂಗಡಿಯವ ಕೇಳಿದ ಆಂಟಿವೈರಸ್ಸಿನ ದುಡ್ಡು ಉಳಿಯಿತಲ್ಲ, ಅದಕ್ಕೆ ಇನ್ನಷ್ಟು ಸೇರಿಸಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ತನ್ನಿ. ತಿಂಗಳಿಗೊಂದು ದಿನ, ಸಂಕಷ್ಟಿಯೋ ಏಕಾದಶಿಯೋ ನೆನಪಿರುವ ದಿನ, ಮುಖ್ಯವಾದದ್ದನ್ನೆಲ್ಲ ಅದಕ್ಕೆ ನಕಲು ಮಾಡಿ. ನಕಲು ಆದ ಕೂಡಲೇ ವೈರು ಕಿತ್ತಿಡಿ. ಜೋಡಿಸಿಯೇ ಇಟ್ಟರೆ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯೋದರಿಂದ, ಹೊಸ ಬ್ಯಾಗು ಚಪ್ಪಲಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡನ್ನು ಎಸೆಯದೇ ಇಟ್ಟುಕೊಂಡು, ಹಾರ್ಡ್ ಡಿಸ್ಕಿನ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಪಾಟಿನ ಮೇಲಿನ ಖಾನೆಯಲ್ಲಿಡಿ.